ದುಡ್ಡು ಬಂದಿಲ್ಲ ಅಂದ್ರೆ ಯಾಕೆ ಬಂದಿಲ್ಲ ಅಂತ ಬರೆದು ಕೊಡಿ: ಕಂದಾಯ ಮತ್ತು ಕೃಷಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಕಂದಾಯ ಸಚಿವರಿಗೆ ಮತ್ತು ಮಾನ್ಯ ಕೃಷಿ ಸಚಿವರಿಗೆ,

ನಮಸ್ಕಾರ.

ಕೇಂದ್ರ ಸರ್ಕಾರ ರೈತರ ಖಾತೆಗೆ ಹಾಕೋ ಪಿಎಂ ಕಿಸಾನ್ ಕಂತು ಯಾವತ್ತು ಬಿಡ್ತಾರೆ ಅನ್ನೋದು ನಮ್ಮೂರಲ್ಲಿ ಸ್ಕೂಲಿಗೆ ಹೋಗೋ ಹುಡುಗರಿಗೂ ಗೊತ್ತಿರುತ್ತೆ ಸಾರ್. 17ನೇ ಕಂತು 2024ರ ಜೂನ್‌ನಲ್ಲಿ ವಾರಾಣಸಿಲಿ ಬಿಟ್ರು, 18ನೇದು ಅಕ್ಟೋಬರ್‌ನಲ್ಲಿ ಮಹಾರಾಷ್ಟ್ರದ ವಾಶಿಮ್‌ನಲ್ಲಿ, 19ನೇದು 2025ರ ಫೆಬ್ರವರಿಲಿ ಬಿಹಾರದ ಭಾಗಲ್ಪುರದಲ್ಲಿ, 20ನೇದು ಆಗಸ್ಟ್‌ನಲ್ಲಿ ಮತ್ತೆ ವಾರಾಣಸಿಲಿ. ಪ್ರತಿ ಸಲ ವೇದಿಕೆ, ಬಟನ್, ಟಿವಿಲಿ ಲೈವ್. ರಾಜ್ಯದಲ್ಲಿ ಬರ ಪರಿಹಾರ ಬಿಟ್ಟಾಗಲೂ ಹಂಗೇ, ಎಷ್ಟು ಕೋಟಿ, ಎಷ್ಟು ಲಕ್ಷ ರೈತರು ಅಂತ ಪೇಪರ್ ತುಂಬಾ ಬಂತು. ದುಡ್ಡು ಬಿಟ್ಟ ದಿನ ಎಲ್ರಿಗೂ ಗೊತ್ತು, ಆದ್ರೆ ಅದು ಒಬ್ಬನ ಖಾತೆಗೆ ಬರದೇ ಹೋದ್ರೆ ಯಾಕೆ ಬರಲಿಲ್ಲ ಅನ್ನೋದು ಅವನಿಗೆ ಹೇಳ್ಬೇಕಾದೋರು ಯಾರು ಅಂತ ಯಾವ ಆಫೀಸಲ್ಲಿ ಕೇಳಿದ್ರೂ ಉತ್ತರ ಇಲ್ಲ. ಈ ಪತ್ರ ಅದೊಂದೇ ವಿಷಯಕ್ಕೆ.

ನಾನು ಚಿತ್ರದುರ್ಗ ಜಿಲ್ಲೆಯೋನು. ಮಳೆ ನಂಬ್ಕೊಂಡು ಶೇಂಗಾ ಬಿತ್ತಿ, ನಡುನಡುವೆ ಅಕ್ಕಡಿ ಸಾಲಲ್ಲಿ ತೊಗರಿ ಹಾಕೋ ಕಡೆಯೋನು. ಡಿಗ್ರಿ ಓದಿ ಊರಿಗೇ ವಾಪಸ್ ಬಂದಿದ್ರಿಂದ ಅರ್ಜಿ ತುಂಬೋದು, ಮೊಬೈಲಲ್ಲಿ ಸ್ಟೇಟಸ್ ನೋಡೋದು ಎಲ್ಲ ನನ್ನ ತಲೆಗೇ ಬಂದಿದೆ, ಕಂತು ಬಿಟ್ಟ ವಾರ ನಮ್ಮನೆ ಜಗಲಿ ಖಾಲಿ ಇರಲ್ಲ. ತಾಲೂಕಿನ ಹೆಸರು ಬೇಕಂತಲೇ ಬರೆದಿಲ್ಲ. ಬರೆದ್ರೆ ಏನಾಗುತ್ತೆ ಅಂತ ಗೊತ್ತು, ಯಾರೋ ಒಬ್ಬ ಪಾಪದ ಕೇಸ್ ವರ್ಕರ್‌ಗೆ ನೋಟಿಸ್ ಕೊಟ್ಟು ಫೈಲ್ ಕ್ಲೋಸ್ ಮಾಡ್ತಾರೆ. ಸಮಸ್ಯೆ ಅವನದ್ದಲ್ಲ.

ಮೊದಲೇ ಒಂದು ಮಾತು ಹೇಳಿಬಿಡ್ತೀನಿ, ಆನ್‌ಲೈನ್ ಬೇಡ, ಹಳೇದೇ ಚೆನ್ನಾಗಿತ್ತು ಅಂತ ವಾದ ಮಾಡೋಕೆ ನಾನು ಬಂದಿಲ್ಲ. ಚೆಕ್ ಕಾಲದಲ್ಲಿ ಪಟ್ಟಿ ಎಲ್ಲಿ ತಯಾರಾಗ್ತಿತ್ತು, ಚೆಕ್ ಕೈಗೆ ಕೊಡುವಾಗ ಎಷ್ಟು ಮುರ್ಕೋತಿದ್ರು ಅನ್ನೋದು ನಮ್ಮಪ್ಪನ ವಾರಗೆಯೋರಿಗೆ ಇವತ್ತಿಗೂ ನೆನಪಿದೆ. ನೇರ ಖಾತೆಗೆ ಹಾಕೋದ್ರಿಂದ ಆ ಕಾಟ ತಪ್ತು, ಅದು ನಿಜ. ಆದ್ರೆ ಆವಾಗ ಜಗಳ ಆಡೋಕೆ ಎದುರಿಗೆ ಒಬ್ಬ ಮನುಷ್ಯ ಇರ್ತಿದ್ದ, ಈಗ ಅವನೂ ಇಲ್ಲ.

2023ನ್ನೇ ತಗೊಳ್ಳಿ. ಮುಂಗಾರು ಕೈಕೊಡ್ತು, ರಾಜ್ಯದ 236 ತಾಲೂಕಲ್ಲಿ 223 ಬರಪೀಡಿತ ಅಂತ ನಿಮ್ಮ ಸರ್ಕಾರವೇ ಘೋಷಣೆ ಮಾಡ್ತು. 18,171 ಕೋಟಿ ಕೇಳಿದ್ರಿ, ಕೇಂದ್ರ ಕೊಡ್ಲಿಲ್ಲ ಅಂತ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ್ರಿ, 2024ರ ಏಪ್ರಿಲ್ ಕೊನೆಗೆ 3,454 ಕೋಟಿ ಬಂತು. ಅದಕ್ಕೂ ಮುಂಚೆ ಜನವರಿಲಿ ರಾಜ್ಯ ಸರ್ಕಾರವೇ ಒಬ್ಬೊಬ್ಬರಿಗೆ 2,000 ರೂಪಾಯಿ ತನಕ ಹಾಕಿತ್ತು, 30 ಲಕ್ಷ ದಾಟಿದ ರೈತರಿಗೆ. ಕೇಂದ್ರ ರಾಜ್ಯದ ಕಿತ್ತಾಟದಲ್ಲಿ ಯಾರು ಸರಿ ಅನ್ನೋದು ನನ್ನ ವಿಷಯ ಅಲ್ಲ, ಆ ಕಡೆಯೋರು ಬಂದ್ರೆ ಈ ಕಡೆಯೋರ ಮೇಲೆ ಹೇಳ್ತಾರೆ, ಈ ಕಡೆಯೋರು ಬಂದ್ರೆ ಆ ಕಡೆಯೋರ ಮೇಲೆ. ಬಂದ ದುಡ್ಡಿನ ರೇಟು ನಿಮಗೆ ಗೊತ್ತಿರೋದೇ, ಮಳೆಯಾಶ್ರಿತ ಬೆಳೆಗೆ ಹೆಕ್ಟೇರ್‌ಗೆ 8,500, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500, ಎಲ್ಲ ಎರಡು ಹೆಕ್ಟೇರ್ ಮಿತಿಗೆ. ನಮ್ಮ ಎಕರೆ ಲೆಕ್ಕಕ್ಕೆ ತಂದ್ರೆ ಖುಷ್ಕಿಗೆ ಎಕರೆಗೆ 3,440 ರೂಪಾಯಿ ಆಗುತ್ತೆ. ಶೇಂಗಾ ಬಿತ್ತಿದೋರನ್ನ ಕೇಳಿ, ಬೀಜದ ಖರ್ಚಿಗೇ ಅದು ಪೂರ್ತಿ ಸಾಲಲ್ಲ, ಉಳುಮೆ ಕೂಲಿ ಗೊಬ್ಬರ ಬಿಡಿ. ಬಿತ್ತಿದ್ದು 2023ರ ಜೂನ್ ಜುಲೈಲಿ, ದೊಡ್ಡ ಕಂತು ಬಂದಿದ್ದು ಮುಂದಿನ ವರ್ಷದ ಬಿತ್ತನೆ ಹೊತ್ತಿಗೆ. ಅಷ್ಟಾದ್ರೂ ಬಂತಲ್ಲ ಅಂತ ಜನ ಸುಮ್ನಿದ್ರು, ಬಂದೋರು.

ಬರದೇ ಇರೋರ ಕತೆ ಹೇಳ್ತೀನಿ ಕೇಳಿ.

ನಮ್ಮ ಬದುವಿನ ಪಕ್ಕದ ಹೊಲದ ಅಣ್ಣನಿಗೆ ಮೂರು ಸರ್ವೆ ನಂಬರ್‌ನಲ್ಲಿ ಜಮೀನಿದೆ. ರೈತರ ವಿವರ ಇಡೋ ಸರ್ಕಾರದ ತಂತ್ರಾಂಶ ಫ್ರೂಟ್ಸ್‌ನಲ್ಲಿ ಅವನ ಎಫ್‌ಐಡಿ, ಅಂದ್ರೆ ರೈತನ ಗುರುತಿನ ನಂಬರ್, ಮಾಡ್ಸಿದಾಗ ಎರಡೇ ನಂಬರ್ ಸೇರ್ಸಿದ್ರು, ಮೂರನೇದು ಆವಾಗ ಜಂಟಿ ಪಹಣಿಲಿತ್ತು. ಆಮೇಲೆ ಅಣ್ಣತಮ್ಮಂದಿರ ಪಾಲಾಗಿ ಅವನ ಹೆಸರಿಗೇ ಪಹಣಿ ಬಂತು, ಆದ್ರೆ ಎಫ್‌ಐಡಿಗೆ ಅದು ತಾನಾಗೇ ಹೋಗಿ ಸೇರ್ಕೊಳ್ಳಲ್ಲ ಅಂತ ಅವನಿಗೆ ಯಾರು ಹೇಳ್ಬೇಕಿತ್ತು? ಪಹಣಿ ಕೊಡೋ 'ಭೂಮಿ' ತಂತ್ರಾಂಶನೂ ಸರ್ಕಾರದ್ದೇ, ಫ್ರೂಟ್ಸ್ ಕೂಡ ಸರ್ಕಾರದ್ದೇ. ಜಾಸ್ತಿ ಬಿತ್ತಿದ್ದು ಆ ಮೂರನೇ ಹೊಲದಲ್ಲೇ, ಪರಿಹಾರ ಬಂದಿದ್ದು ಮಿಕ್ಕ ಎರಡಕ್ಕೆ. ರೈತ ಸಂಪರ್ಕ ಕೇಂದ್ರಕ್ಕೆ ಹೋದ, ದುಡ್ಡು ಬರ್ದಿದ್ರೆ ಬ್ಯಾಂಕಲ್ಲಿ ಎನ್‌ಪಿಸಿಐ ಲಿಂಕ್ (ಖಾತೆಗೆ ಆಧಾರ್ ಜೋಡಣೆ) ಮಾಡ್ಸು ಅಂದ್ರು. ಬ್ಯಾಂಕಿಗೆ ಹೋದ, ಲಿಂಕ್ ಆಕ್ಟಿವ್ ಇದೆ ಕಣಪ್ಪಾ ತಾಲೂಕು ಆಫೀಸಲ್ಲಿ ಕೇಳು ಅಂದ್ರು. ತಾಲೂಕು ಆಫೀಸಲ್ಲಿ ಪರಿಹಾರ ತಂತ್ರಾಂಶ ತೆಗೆದು ನೋಡಿ, ನಿಂಗೆ ಪೇಮೆಂಟ್ ಸಕ್ಸಸ್ ಅಂತಿದೆ, ಇನ್ನೇನು ಬೇಕು ಅಂದ್ರು. ಎರಡು ಹೊಲದ್ದು ಬಂದಿದ್ರಿಂದ ಕಂಪ್ಯೂಟರ್ ಲೆಕ್ಕದಲ್ಲಿ ಅವನು ಪರಿಹಾರ ಸಿಕ್ಕ ರೈತ, ಅವನ ತಕರಾರು ಬರ್ಕೊಳ್ಳೋಕೆ ಅಲ್ಲಿ ಜಾಗನೇ ಇಲ್ಲ. ಕೊನೆಗೆ ಅಲ್ಲಿದ್ದ ಹುಡುಗ ಒಬ್ಬ ಜೆರಾಕ್ಸ್ ಹಾಳೆ ಹಿಂದೆ ಪೆನ್ಸಿಲಲ್ಲಿ ಸರ್ವೆ ನಂಬರ್ ಗೀಚ್ಕೊಂಡು ನೋಡ್ತೀನಿ ಬಿಡಣ್ಣಾ ಅಂದ. ಆ ಹಾಳೆನೇ ಅವನ ಅರ್ಜಿ, ಅದೇ ಅವನ ಸ್ವೀಕೃತಿ, ಅದೂ ಅವನ ಹತ್ರ ಇಲ್ಲ.

ನಮ್ಮದೇ ಹೊಲದ್ದು ಇನ್ನೊಂದು ತರ. ಆ ವರ್ಷ ಶೇಂಗಾ ಹೂವಿಗೆ ಬಂದ ಹೊತ್ತಲ್ಲಿ ಮಳೆ ಹೋಗಿ ಊಡು (ಮಣ್ಣೊಳಗೆ ಇಳಿದು ಕಾಯಾಗೋ ಎಳೆ) ಇಳೀಲೇ ಇಲ್ಲ, ಕಿತ್ತು ನೋಡಿದ್ರೆ ಒಂದೊಂದು ಗಿಡಕ್ಕೆ ಎರಡೋ ಮೂರೋ ಜೊಳ್ಳು ಕಾಯಿ, ಕೊನೆಗೆ ಕೂಲಿ ಕೊಟ್ಟು ಕೀಳ್ಸಿದ್ರೆ ಇನ್ನೂ ಲಾಸು ಅಂತ ಕುರಿ ಬಿಟ್ವಿ. ಬೆಳೆ ಸಮೀಕ್ಷೇಲಿ ಮಾತ್ರ ನಮ್ಮ ನಂಬರ್ ಎದುರಿಗೆ ಪಾಳು ಅಂತಿತ್ತು, ಬಿತ್ತೇ ಇಲ್ಲ ಅಂದಂಗೆ, ಹಂಗಾಗಿ ಪರಿಹಾರನೂ ಇಲ್ಲ. ಸಮೀಕ್ಷೆ ಮಾಡೋಕೆ ಬಂದ ಹುಡುಗ ಬದುವಿನ ಮೇಲೆ ನಿಂತು ಫೋಟೋ ಹೊಡೆದಿದ್ದಾನೆ, ಕೊಟ್ಟ ನಂಬರ್ ನಮ್ಮದು, ಫೋಟೋದಲ್ಲಿರೋದು ಪಕ್ಕದ ಬೀಳು. ಅವನಿಗೆ ಒಂದೊಂದು ಪ್ಲಾಟಿಗೆ ಇಷ್ಟು ಅಂತ ಪುಡಿಗಾಸು ಕೊಡ್ತಾರೆ, ಬಿಸಿಲಲ್ಲಿ ಸುತ್ತಿರ್ತಾನೆ, ಅವನ ಮೇಲೆ ನಂಗೆ ಸಿಟ್ಟಿಲ್ಲ. ರೈತರು ತಾವೇ ಆಪ್‌ನಲ್ಲಿ ಫೋಟೋ ಹಾಕ್ಬಹುದು, ತಪ್ಪಿದ್ರೆ ಬೆಳೆ ದರ್ಶಕ ಆಪ್‌ನಲ್ಲಿ ನೋಡಿ ಆಕ್ಷೇಪಣೆ ಹಾಕ್ಬಹುದು ಅಂತ ನೀವು ಹೇಳ್ತೀರಿ, ವ್ಯವಸ್ಥೆ ಇದೆ, ಒಪ್ತೀನಿ. ಆದ್ರೆ ಆಕ್ಷೇಪಣೆ ಯಾವತ್ತು ಶುರು ಯಾವತ್ತು ಮುಗೀತು ಅಂತ ನಮ್ಮೂರಲ್ಲಿ ಒಬ್ಬರಿಗೂ ಗೊತ್ತಾಗ್ಲಿಲ್ಲ. ರೇಷನ್ ಬಂದ್ರೆ ಹೇಳ್ತಾರೆ, ದನಕ್ಕೆ ಲಸಿಕೆ ಬಂದ್ರೆ ಆಟೋದಲ್ಲಿ ಮೈಕ್ ಕಟ್ಕೊಂಡು ಕೂಗ್ತಾರೆ, ಇದಕ್ಕೆ ಯಾವ ಮೈಕೂ ಬರ್ಲಿಲ್ಲ.

ಇನ್ನು ಪಿಎಂ ಕಿಸಾನ್. ವರ್ಷಕ್ಕೆ 6,000, ಮೂರು ಕಂತು. 2019ರಿಂದ ಇದಕ್ಕೆ ರಾಜ್ಯದಿಂದ 4,000 ಸೇರ್ಸಿ ಕೊಡ್ತಿದ್ರು, 2023ರಲ್ಲಿ ಅದು ನಿಂತೋಯ್ತು. ನಿಲ್ಸಿದ್ದು ಸರ್ಕಾರದ ತೀರ್ಮಾನ, ಗ್ಯಾರಂಟಿ ಕೊಡ್ತಿದೀವಿ ಅಂತೀರಿ, ಇರ್ಲಿ. ಆದ್ರೆ ನಿಂತಿದೆ ಅಂತಲಾದ್ರೂ ಊರಲ್ಲಿ ಹೇಳ್ಬೇಕಿತ್ತು ತಾನೇ? ಆಮೇಲೂ ಎಷ್ಟೋ ಜನ ನನ್ನದು ಮಾತ್ರ ಏನೋ ತೊಂದರೆ ಆಗಿದೆ ಅಂತ ಪಾಸ್‌ಬುಕ್ ಹಿಡ್ಕೊಂಡು ಬ್ಯಾಂಕ್ ಮುಂದೆ ಕೂರ್ತಿದ್ರು.

ನಮ್ಮ ಓಣಿ ಅಜ್ಜಿಗೆ ಮೊದಮೊದಲು ಕಂತು ಬರ್ತಿತ್ತು. ಇ-ಕೆವೈಸಿ (ಆಧಾರ್ ಮೂಲಕ ಗುರುತು ಖಾತ್ರಿ) ಕಡ್ಡಾಯ ಅಂತ ಮಾಡಿದ್ಮೇಲೆ ನಿಂತೋಯ್ತು. ಆಧಾರ್‌ಗೆ ಮೊಬೈಲ್ ನಂಬರ್ ಸೇರಿಲ್ಲ, ಹಂಗಾಗಿ ಒಟಿಪಿ ಬರಲ್ಲ, ಹೆಬ್ಬೆಟ್ಟೇ ಗತಿ. ಜೀವಮಾನ ಪೂರ್ತಿ ಶೇಂಗಾ ಕಾಯಿ ಸುಲಿದು ಸುಲಿದು ಆ ಹೆಬ್ಬೆಟ್ಟಲ್ಲಿ ಗೆರೆನೇ ಉಳಿದಿಲ್ಲ. ಹೋಬಳಿಯ ಸೆಂಟರ್‌ನಲ್ಲಿ ನಾನೇ ಜೊತೇಲಿದ್ದೆ, ಮಿಷಿನ್ ಮೇಲೆ ಇಟ್ರೆ ಕೆಂಪು ಲೈಟು, ಸೆರಗಲ್ಲಿ ಒರೆಸ್ಕೊಂಡು ಇನ್ನೊಂದು ಬೆರಳು ಇಟ್ಟಳು, ಮತ್ತೆ ಕೆಂಪು. ಆಪರೇಟರ್ ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿ ನೋಡು ಅಜ್ಜಿ ಅಂದ, ಹಿಂದೆ ನಿಂತೋರು ಬೇಗ ಬೇಗ ಅಂತ ಗೊಣಗೋಕೆ ಶುರು ಮಾಡಿದ್ರು. ಅಜ್ಜಿ ನನ್ನ ಮುಖ ನೋಡಿ, ಬಿಡಪ್ಪ, ಅವರಿಗೆ ನಾನು ಬದುಕಿದ್ದೀನೋ ಇಲ್ವೋ ಅಂತ ಅನುಮಾನ ಬಂದಿರ್ಬೇಕು ಅಂದ್ಳು. ಮುಖ ತೋರ್ಸಿ ಕೆವೈಸಿ ಮಾಡೋ ಆಪ್ 2023ರಲ್ಲೇ ಬಂದಿದೆ, ಅದನ್ನ ಗ್ರಾಮ ಆಡಳಿತಾಧಿಕಾರಿನೋ ಕೃಷಿ ಇಲಾಖೆಯೋರೋ ಮನೆಗೆ ಬಂದು ಮಾಡ್ಬಹುದಿತ್ತು. ಆದ್ರೆ ಹಂಗೆ ಮಾಡಿ ಅಂತ ಅವರಿಗೆ ಯಾರೂ ಹೇಳಿಲ್ಲ, ಅವರ ಮೊಬೈಲಲ್ಲಿ ಆಗ್ಲೇ ಹತ್ತಾರು ಆಪ್ ಇದಾವೆ. 2024ರಲ್ಲಿ ಗ್ರಾಮ ಆಡಳಿತಾಧಿಕಾರಿಗಳು ಮುಷ್ಕರ ಕೂತಾಗ ಅವರ ದೊಡ್ಡ ಗೋಳು ಈ ಆಪ್‌ಗಳ ಹೊರೆದೇ ಆಗಿತ್ತಲ್ವಾ?

ಸ್ಟೇಟಸ್ ನೋಡಿದ್ರೆ ಬರೋದೇನು ಅಂತೀರಾ, ಲ್ಯಾಂಡ್ ಸೀಡಿಂಗ್ ನೋ, ಆರ್‌ಎಫ್‌ಟಿ ಸೈನ್ಡ್ ಬೈ ಸ್ಟೇಟ್, ಎಫ್‌ಟಿಒ ಜನರೇಟೆಡ್ ಪೇಮೆಂಟ್ ಕನ್ಫರ್ಮೇಶನ್ ಪೆಂಡಿಂಗ್. ಬಿಕಾಂ ಓದಿದ ನಂಗೇ ಇದು ಅರ್ಥ ಆಗೋಕೆ ವರ್ಷ ಹಿಡೀತು. ಇದನ್ನ ಓದಿ ರೈತ ಏನು ಮಾಡ್ಬೇಕು, ಯಾವ ಟೇಬಲ್ ಹತ್ರ ಹೋಗ್ಬೇಕು ಅಂತ ಒಂದು ಸಾಲು ಅದರ ಕೆಳಗೆ ಇರಲ್ಲ. ಹಂಗಾಗಿ ಸೈಬರ್ ಅಂಗಡಿಯೋನು ಹೇಳಿದ್ದೇ ಕಾನೂನು. ಅವನು ಇನ್ನೂರು ಕೊಡು ಸರಿ ಮಾಡ್ತೀನಿ ಅಂದ್ರೆ ಕೊಡ್ತಾರೆ. ಮಧ್ಯವರ್ತಿ ಹೋದ ಅಂತ ನಾವು ಅನ್ಕೊಂಡಿದ್ವಿ, ಅವನು ಜಗಲಿ ಬಿಟ್ಟು ಅಂಗಡಿ ಇಟ್ಕೊಂಡಿದ್ದಾನೆ ಅಷ್ಟೇ.

ಖಾತೆಗೆ ಬಂದ್ಮೇಲೂ ದುಡ್ಡು ಕೈಗೆ ಬಂತು ಅಂತ ಹೇಳೋಕಾಗಲ್ಲ. ಪರಿಹಾರದ ದುಡ್ಡನ್ನ ಸಾಲಕ್ಕೆ ಜಮಾ ಮಾಡ್ಕೋಬಾರ್ದು ಅಂತ 2024ರ ಮೇನಲ್ಲಿ ಸರ್ಕಾರದಿಂದಲೇ ಬ್ಯಾಂಕ್‌ಗಳಿಗೆ ಹೇಳಿದ್ರು, ಪೇಪರಲ್ಲೂ ಬಂತು. ನಮ್ಮೂರಿನ ಒಬ್ಬರ ಖಾತೆ ಆ ಹೊತ್ತಿಗೆ ಹೋಲ್ಡಲ್ಲಿತ್ತು, ಬ್ಯಾಂಕಿನೋರು ದುಡ್ಡು ತೆಗೆಯೋಕೆ ಬಿಡ್ತಿರಲಿಲ್ಲ, ಮ್ಯಾನೇಜರ್ ಹತ್ರ ಪೇಪರ್ ಕಟಿಂಗ್ ತೋರ್ಸಿದ್ರೆ, ನಮಗೆ ಹೆಡ್ ಆಫೀಸಿಂದ ಲೆಟರ್ ಬಂದಿಲ್ಲ ಅಂದ್ರು. ಇವರು ಡಿಸಿ ಆಫೀಸಿಗೆ ಹೋಗಿ ಆ ಲೆಟರ್ ತರ್ಬೇಕಾ? ಮಗಳ ಪಿಯುಸಿ ಫೀಸ್ ಕಟ್ಟೋ ಟೈಮು ಬೇರೆ, ಕೊನೆಗೆ ಊರಲ್ಲಿ ಮೂರು ರೂಪಾಯಿ ಬಡ್ಡಿಗೆ ಸಾಲ ತಂದ್ರು.

ಇದೆಲ್ಲ ಪಹಣಿ ಇರೋರ ಕತೆ. ಪಹಣಿನೇ ಇಲ್ದೋರಿಗೆ ಬಾಗಿಲೇ ಇಲ್ಲ. ಅಪ್ಪ ಸತ್ತು ಇಪ್ಪತ್ತು ವರ್ಷ ಆಗಿದ್ರೂ ಪಹಣಿ ಅವರ ಹೆಸರಲ್ಲೇ ಇರೋ ಮನೆಗಳು ಪ್ರತಿ ಊರಲ್ಲೂ ಇದಾವೆ. ಸತ್ತೋರ ಹೆಸರಿನ ಪಹಣಿ ವಾರಸುದಾರರಿಗೆ ಮಾಡ್ಕೊಡೋ ಪೌತಿ ಖಾತೆ ಆಂದೋಲನ ಅಂತ ನೀವು ಮಾಡ್ತಿರೋದು ಒಳ್ಳೆ ಕೆಲಸ, ಮನಸ್ಪೂರ್ತಿ ಹೇಳ್ತೀನಿ, ಆದ್ರೆ ಅಕ್ಕತಂಗಿಯರ ಸಹಿ, ವಂಶವೃಕ್ಷ, ಬೆಂಗಳೂರಲ್ಲಿ ಗಾರ್ಮೆಂಟ್ಸ್‌ಗೆ ಹೋಗೋ ತಮ್ಮನ ಒಪ್ಪಿಗೆ ಎಲ್ಲ ಸೇರೋ ಹೊತ್ತಿಗೆ ಮೂರು ಬರ ಬಂದು ಹೋಗಿರುತ್ತೆ. ಅಪ್ಪ ಬದುಕಿದ್ದಾಗಲೇ ಪಾಲಾಗಿ 2019ರ ಫೆಬ್ರವರಿ 1ರ ಆಮೇಲೆ ಪಹಣಿ ಮಾಡ್ಕೊಂಡ ಹುಡುಗರಿಗೆ ಪಿಎಂ ಕಿಸಾನ್ ಇಲ್ಲ, ಅದು ಕೇಂದ್ರದ ರೂಲ್, ಸತ್ತೋರಿಂದ ಬಂದ್ರೆ ಮಾತ್ರ ಸರಿಯಂತೆ. ಬಗರ್ ಹುಕುಂನಲ್ಲಿ, ಅಂದ್ರೆ ಉಳ್ತಿರೋ ಸರ್ಕಾರಿ ಜಮೀನು ಸಕ್ರಮ ಮಾಡ್ಕೊಡಿ ಅಂತ ಫಾರಂ 57 ಅರ್ಜಿ ಹಾಕಿ ಕಾಯ್ತಿರೋರಿಗೆ ಇಲ್ಲ. ವಾರಕ್ಕೆ (ಬೆಳೆಯಲ್ಲಿ ಒಡೆಯನಿಗೆ ಪಾಲು ಕೊಟ್ಟು), ಗುತ್ತಿಗೆಗೆ ಮಾಡೋರಿಗಂತೂ ಇಲ್ಲವೇ ಇಲ್ಲ. 1974ರಲ್ಲಿ ಭೂಸುಧಾರಣೆ ಕಾಯ್ದೆ ತಿದ್ದುಪಡಿ ಆಗಿ ಗೇಣಿನೇ ನಿಷೇಧ ಆಯ್ತು, ಸೈನಿಕರ ಜಮೀನಿನಂಥ ಕೆಲವಕ್ಕೆ ಬಿಟ್ರೆ, ಹಂಗಾಗಿ ಕಾನೂನಿನ ಪ್ರಕಾರ ಅವರು ಇಲ್ಲವೇ ಇಲ್ಲ. ಉಳುವವನಿಗೆ ಭೂಮಿ ಅಂತ ತಂದ ಒಳ್ಳೆ ಕಾನೂನು ಅದು, ಆದ್ರೆ ಇವತ್ತು ಬೀಜ ಕೊಂಡು, ಗೊಬ್ಬರ ಹಾಕಿ, ಬೆಳೆ ಕಳ್ಕೊಂಡೋನು ಒಬ್ಬ, ಪರಿಹಾರ ಹೋಗೋದು ತುಮಕೂರಲ್ಲೋ ಬೆಂಗಳೂರಲ್ಲೋ ಇರೋ ಪಹಣಿದಾರನಿಗೆ. ಕೆಲವು ಒಡೆಯರು ತಾವೇ ಫೋನ್ ಮಾಡಿ ನಿನ್ನ ದುಡ್ಡು ಬಂದಿದೆ ತಗೋ ಅಂತಾರೆ, ಅಂಥೋರೂ ಇದಾರೆ. ಅದು ಅವರ ದೊಡ್ಡತನ, ಸರ್ಕಾರ ಅದರ ಮೇಲೆ ಸ್ಕೀಮ್ ನಡ್ಸೋಕಾಗಲ್ಲ.

ಈಗ ನಮ್ಮ ಬೇಡಿಕೆಗೆ ಬರ್ತೀನಿ. ರೇಟು ಜಾಸ್ತಿ ಮಾಡಿ ಅಂತ ಈ ಪತ್ರದಲ್ಲಿ ಕೇಳ್ತಿಲ್ಲ, ಅದು ದೊಡ್ಡೋರ ಲೆಕ್ಕ.

ಮುಖ್ಯವಾಗಿ ಕೇಳೋದು ಒಂದು. ದುಡ್ಡು ಬಂದಿಲ್ಲ ಅಂತ ರೈತ ಬಂದ್ರೆ, ಯಾಕೆ ಬಂದಿಲ್ಲ, ಯಾರು ಸರಿ ಮಾಡ್ಬೇಕು, ಯಾವ ತಾರೀಕಿನೊಳಗೆ ಮಾಡ್ತಾರೆ ಅಂತ ಕನ್ನಡದಲ್ಲಿ ಬರೆದು, ಸೀಲ್ ಹಾಕಿ ಕೊಡಿ. ಬಾಯಲ್ಲಿ ಹೇಳಿದ್ದು ಬೇಡ. ಸಕಾಲ ಕಾಯ್ದೆ 2011ರಿಂದ ಇದೆ, ಅರ್ಜಿಗೆ ನಂಬರ್, ಕೆಲಸಕ್ಕೆ ಗಡುವು, ತಡ ಆದ್ರೆ ದಿನಕ್ಕೆ 20 ರೂಪಾಯಿ ಅಂತ ನಮ್ಮ ರಾಜ್ಯವೇ ಮಾಡಿದ್ದು. ಪರಿಹಾರ, ಪಿಎಂ ಕಿಸಾನ್, ಎಫ್‌ಐಡಿ ತಿದ್ದುಪಡಿ, ಬೆಳೆ ಸಮೀಕ್ಷೆ ತಕರಾರು ಇವಿಷ್ಟಕ್ಕೂ ಅದೇ ತರ ನಂಬರ್ ಮತ್ತು ಗಡುವು ಇಡಿ. ಇಪ್ಪತ್ತು ರೂಪಾಯಿ ಆಸೆಗೆ ಯಾರೂ ಕೇಳ್ತಿಲ್ಲ, ನಂಬರ್ ಇದ್ರೆ ನಾಳೆ ಅದನ್ನ ಹಿಡ್ಕೊಂಡು ಮೇಲಿನೋರನ್ನ ಕೇಳ್ಬಹುದು.

ಆಮೇಲೆ ಪಟ್ಟಿ. ಪಿಎಂ ಕಿಸಾನ್ ಮಾರ್ಗಸೂಚಿಲೇ ಫಲಾನುಭವಿಗಳ ಪಟ್ಟಿ ಪಂಚಾಯ್ತಿಲಿ ಹಾಕ್ಬೇಕು ಅಂತಿದೆ. ಬಂದೋರದ್ದು ಮಾತ್ರ ಅಲ್ಲ, ನಿಂತುಹೋಗಿರೋರದ್ದೂ ಹಾಕಿ, ಪಕ್ಕದಲ್ಲಿ ಒಂದೊಂದು ಕಾರಣ: ಕೆವೈಸಿ ಆಗಿಲ್ಲ, ಸರ್ವೆ ನಂಬರ್ ಸೇರಿಲ್ಲ, ಪಹಣಿಲಿ ಓಬಣ್ಣ ಆಧಾರ್‌ನಲ್ಲಿ ಓಬಯ್ಯ. ಆಧಾರ್ ನಂಬರ್, ಖಾತೆ ನಂಬರ್ ಯಾವುದೂ ಬೇಡ, ಹೆಸರು ಮತ್ತು ಕಾರಣ ಸಾಕು. ಬೆಳೆ ಸಮೀಕ್ಷೆದೂ ಹಂಗೇ, ಸರ್ವೆ ನಂಬರ್ ಎದುರಿಗೆ ಏನು ಬೆಳೆ ಬರ್ಕೊಂಡಿದೀರಿ ಅಂತ ಆಕ್ಷೇಪಣೆ ಮುಗಿಯೋಕೆ ಕನಿಷ್ಠ ಹದಿನೈದು ದಿನ ಮುಂಚೆ ಪ್ರಿಂಟ್ ತೆಗೆದು ಗೋಡೆಗೆ ಅಂಟ್ಸಿ, ಡಂಗುರ ಸಾರ್ಸಿ. ನೂರು ಹಾಳೆ ಪ್ರಿಂಟ್ ಖರ್ಚು ಪಂಚಾಯ್ತಿಗೆ ಭಾರ ಅಲ್ಲ.

ತಿಂಗಳಲ್ಲಿ ಒಂದು ದಿನ ಹೋಬಳಿಲಿ ಕೃಷಿ ಇಲಾಖೆಯೋರು, ಕಂದಾಯದೋರು, ಬ್ಯಾಂಕ್‌ನೋರು ಒಂದೇ ಟೇಬಲ್‌ಗೆ ಕೂರಲಿ. ಮೂರು ಆಫೀಸಿನ ಉತ್ತರ ಎದುರುಬದುರು ಬಂದ್ರೆ ಅರ್ಧ ಕೇಸು ಅಲ್ಲೇ ಮುಗಿಯುತ್ತೆ. ಸಂತೆ ದಿನ ಇಟ್ರೆ ಜನಕ್ಕೆ ಬಸ್ ಚಾರ್ಜೂ ಉಳಿಯುತ್ತೆ. ಹೆಬ್ಬೆಟ್ಟು ಹಿಡಿಯದ ವಯಸ್ಸಾದೋರ ಪಟ್ಟಿ ಮಾಡಿ ಮನೆಗೇ ಹೋಗಿ ಮುಖದ ಕೆವೈಸಿ ಮಾಡ್ಸಿ. ಪಹಣಿ ಬದಲಾದಾಗ ಎಫ್‌ಐಡಿಲೂ ತಾನಾಗೇ ಬದಲಾಗೋ ಹಂಗೆ ಮಾಡಿ, ಎರಡೂ ನಿಮ್ಮ ಕೈಲೇ ಇರೋ ತಂತ್ರಾಂಶ. ಪರಿಹಾರದ ದುಡ್ಡು ಹೋಲ್ಡ್ ಮಾಡಿದ ಬ್ಯಾಂಕ್ ಶಾಖೆಗಳ ವಿವರ ಜಿಲ್ಲಾ ಮಟ್ಟದ ಬ್ಯಾಂಕರ್ಸ್ ಸಭೇಲಿ ಪ್ರತಿ ಸಲ ಓದಿ ಹೇಳ್ಸಿ, ದುಡ್ಡು ಬಿಡೋ ದಿನವೇ ಆ ಲೆಟರ್ ಶಾಖೆ ಶಾಖೆಗೂ ತಲುಪಲಿ. ವಾರಕ್ಕೆ ಮಾಡೋರ ವಿಷಯ ಒಂದೇ ದಿನಕ್ಕೆ ಬಗೆಹರಿಯಲ್ಲ ಅಂತ ಗೊತ್ತು, ಒಡೆಯನ ಹಕ್ಕಿಗೆ ಧಕ್ಕೆ ಬರ್ದಂಗೆ ಆ ಹಂಗಾಮಿಗೆ ಮಾತ್ರ ಬೆಳೆದೋನು ಯಾರು ಅಂತ ಬರ್ಕೊಳ್ಳೋ ಒಂದು ಕಾಲಂ ಬೆಳೆ ಸಮೀಕ್ಷೇಲಿ ಸೇರ್ಸೋಕಾಗುತ್ತಾ ಅಂತಾದ್ರೂ ಯೋಚ್ನೆ ಮಾಡಿ.

ಈ ಪತ್ರದ ಪ್ರತಿ ಜಿಲ್ಲಾಧಿಕಾರಿಗಳಿಗೂ, ನಮ್ಮ ಶಾಸಕರಿಗೂ ಕಳಿಸ್ತಿದೀನಿ. ಪಕ್ಕದ ಹೊಲದ ಅಣ್ಣನ ಮೂರನೇ ಸರ್ವೆ ನಂಬರ್, ನಮ್ಮ ಪಾಳು, ಅಜ್ಜಿಯ ಕೆವೈಸಿ ಮೂರರ ವಿವರನೂ ಬೇರೆ ಹಾಳೇಲಿ ಬರೆದು ನಿಮ್ಮ ಕಚೇರಿಗೆ ಸ್ಪೀಡ್ ಪೋಸ್ಟ್ ಮಾಡ್ತೀನಿ. ಅದಕ್ಕೆ ಉತ್ತರ ಬರವಣಿಗೆಲೇ ಕೊಡಿ. ಆಗಲ್ಲ ಅಂತಿದ್ರೆ ಆಗಲ್ಲ ಅಂತಲೇ ಬರೀರಿ, ಯಾಕೆ ಆಗಲ್ಲ ಅಂತ ಒಂದು ಸಾಲು ಸೇರ್ಸಿ.

ಇಂತಿ ತಮ್ಮ ವಿಶ್ವಾಸಿ,
ಚಿತ್ರದುರ್ಗ ಜಿಲ್ಲೆಯ ಒಬ್ಬ ಶೇಂಗಾ ಬೆಳೆಗಾರ